ನೀರಿದೆ ಎಂದು ಬರೆಯುವ ಮುನ್ನ



ಶಿವರಾತ್ರಿ ಕಳೆದು ಯುಗಾದಿ ಸಮೀಪಿಸಿತೆಂದರೆ ನಮ್ಮ ಉತ್ತರ ಕರ್ನಾಟಕದ ಊರೂರುಗಳಲ್ಲಿ ಶ್ರೀಶೈಲದ ಮಾತು ಕೇಳಿಬರುತ್ತದೆ. ಕಂಬಿಗೆ ಪೂಜೆ ಸಲ್ಲಿಸುವವರು, ಬುತ್ತಿಗೆಂದು ಕಟಕರೊಟ್ಟಿ ಬಡಿಯುವವರು, ಹರಕೆಯ ಮರಗಾಲುಗಳನ್ನು ಸರಿಪಡಿಸಿಕೊಳ್ಳುವವರು, ಹೀಗೆ ಮನೆಮನೆಯಲ್ಲಿಯೂ ಒಂದು ಸಂಭ್ರಮ. ಮಲ್ಲಯ್ಯನ ದರ್ಶನಕ್ಕಾಗಿ ನೂರಾರು ಕಿಲೋಮೀಟರುಗಳನ್ನು ಕಾಲ್ನಡಿಗೆಯಲ್ಲಿಯೇ ಸವೆಸುವ ಈ ಪರಂಪರೆಯನ್ನು ಕುರಿತು ವಾಚಕರಿಗೆ ನಾನು ಹೊಸದಾಗಿ ಹೇಳಬೇಕಾದುದು ಏನೂ ಇಲ್ಲ.

ಕಳೆದ ತಿಂಗಳು ನಮ್ಮೂರ ಪಾದಯಾತ್ರೆಯ ಬಳಗದ ನಾಲ್ವರು ತರುಣರು ಮನೆಗೆ ಬಂದರು. "ಶಾಸ್ತ್ರಿಗಳ, ಹಾದಿ ತೋರ್ಸೂವಂಥಾ ಒಂದು ಸಣ್ಣ ಪುಸ್ತಕ ಬರ್ದುಕೊಡ್ರಿ. ಎಲ್ಲಿ ಇಳಕೊಳ್ಳೋದು, ಎಲ್ಲಿ ಪ್ರಸಾದ ಐತಿ, ಎಲ್ಲಿ ನೀರು ಸಿಗತಾವು, ಎಲ್ಲಾ ಅದರಾಗ ಇರ್ಲಿ. ಅಚ್ಚು ಹಾಕ್ಸೂ ಖರ್ಚು ನಮ್ದು" ಎಂದು ಕೇಳಿಕೊಂಡರು. ಶಾಸ್ತ್ರ, ಸಾಹಿತ್ಯಗಳ ವಿಷಯವಾದರೆ ಹಿಂದೆಮುಂದೆ ನೋಡದೆ ಒಪ್ಪಿಕೊಳ್ಳುವ ನಾನು ಈ ಸಣ್ಣ ಪುಸ್ತಕಕ್ಕೆ ಕೂಡಲೇ ಹೂಂ ಎನ್ನಲಿಲ್ಲ. ಹದಿನೈದು ವರ್ಷಗಳ ಹಿಂದೆ ಇಂಥದೇ ಒಂದು ಹಾಳೆಯನ್ನು ಬರೆದು ನಾನು ಮಾಡಿದ ತಪ್ಪು ಇಂದಿಗೂ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿದೆ. ಅದನ್ನು ಕೊನೆಯಲ್ಲಿ ನಿವೇದಿಸುತ್ತೇನೆ. ಅದಕ್ಕೆ ಮೊದಲು, ದೂರದ ಕಾಲುದಾರಿಗಳನ್ನು ನಡೆದು, ಹಿಂದೆ ಬರುವವರಿಗಾಗಿ ಕೈಪಿಡಿಗಳನ್ನು ಬರೆದ ಕೆಲವು ಪರದೇಶದವರ ವೃತ್ತಾಂತವನ್ನು ಈ ತಿಂಗಳ ಅಂಕಣದಲ್ಲಿ ವಾಚಕರ ಮುಂದಿಡಬಯಸುತ್ತೇನೆ. ನನ್ನ ಅಳುಕಿಗೆ ಕಾರಣವೇನೆಂಬುದು ಅದರಿಂದಲೇ ತಿಳಿದೀತು.

ಕಲ್ಯಾಣದಲ್ಲಿ ಶರಣಸಮೂಹವು ನೆರೆದಿದ್ದ 12ನೆಯ ಶತಮಾನದಲ್ಲಿಯೇ, ಅತ್ತ ಸ್ಪೇನ್ ದೇಶದ ಸಾಂತಿಯಾಗೊ ದೆ ಕಾಂಪೊಸ್ತೆಲಾ ಎಂಬ ಕ್ಷೇತ್ರಕ್ಕೆ ಯೂರೋಪಿನ ನಾನಾ ದೇಶಗಳಿಂದ ಕ್ರೈಸ್ತ ಯಾತ್ರಿಕರು ನಡೆದುಬರುತ್ತಿದ್ದರು. ಯೇಸುವಿನ ಶಿಷ್ಯನಾದ ಸಂತ ಯಾಕೋಬನ ಸಮಾಧಿಯು ಅಲ್ಲಿದೆಯೆಂಬುದು ಅವರ ಶ್ರದ್ಧೆ. ಅದೇ ಶತಮಾನದಲ್ಲಿ ಸಿದ್ಧವಾದ 'ಕೋಡೆಕ್ಸ್ ಕಲಿಕ್ಸ್ಟೀನಸ್' ಎಂಬ ಲ್ಯಾಟಿನ್ ಹಸ್ತಪ್ರತಿಯ ಐದನೆಯ ಭಾಗವು ಕೇವಲ ಯಾತ್ರಿಕರಿಗೆ ಮೀಸಲಾದ ಕೈಪಿಡಿಯಾಗಿದೆ. ಅದನ್ನು ಬರೆದವನು ಎಮೆರಿ ಪಿಕೋ ಎಂಬ ಫ್ರೆಂಚ್ ಪಾದ್ರಿಯೆಂದು ಅನೇಕ ವಿದ್ವಾಂಸರು ಊಹಿಸುತ್ತಾರೆ. ದಾರಿಯ ಮಜಲುಗಳಾವುವು, ಬಡ ಯಾತ್ರಿಕರಿಗೆ ಆಶ್ರಯ ಕೊಡುವ ಛತ್ರಗಳೆಲ್ಲಿ, ದರ್ಶನ ಮಾಡಬೇಕಾದ ಪುಣ್ಯಸ್ಥಳಗಳಾವುವು ಎಂಬುದೆಲ್ಲವೂ ಅದರಲ್ಲಿದೆ. ಇದಕ್ಕಿಂತ ಮುಖ್ಯವಾಗಿ, ಯಾವ ಹೊಳೆಯ ನೀರು ಕುಡಿಯಲು ಯೋಗ್ಯ, ಯಾವುದರ ನೀರು ಮಾರಕ ಎಂಬುದನ್ನು ತಿಳಿಸಲೆಂದೇ ಒಂದು ಅಧ್ಯಾಯವಿದೆ.

ಆ ಅಧ್ಯಾಯದಲ್ಲಿ ಲೇಖಕನು ತನಗಾದ ಒಂದು ಅನುಭವವನ್ನು ಹೇಳುತ್ತಾನೆ. ನವಾರ್ ಪ್ರಾಂತದ ಉಪ್ಪುಹೊಳೆಯೊಂದರ ದಂಡೆಯಲ್ಲಿ ಇಬ್ಬರು ಕುಳಿತು ಚೂರಿ ಮಸೆಯುತ್ತಿದ್ದರಂತೆ. ನೀರು ಕುಡಿಯಲು ಒಳ್ಳೆಯದೇ ಎಂದು ಕೇಳಿದರೆ ಒಳ್ಳೆಯದೆಂದರು. ನಂಬಿ ಕುದುರೆಗಳಿಗೆ ನೀರು ಕುಡಿಸಲಾಗಿ ಎರಡು ಕುದುರೆಗಳು ಅಲ್ಲಿಯೇ ಸತ್ತುಬಿದ್ದವು. ಅದನ್ನೇ ಕಾಯುತ್ತಿದ್ದ ಆ ಇಬ್ಬರು ಕೂಡಲೇ ಅವುಗಳ ಚರ್ಮವನ್ನು ಸುಲಿಯತೊಡಗಿದರು. ತಾನು ಕಂಡುಂಡ ಕಷ್ಟ ಮುಂದಿನವರಿಗೆ ಬಾರದಿರಲೆಂದು ಆತ ಇದನ್ನು ಬರೆದಿಟ್ಟನು. ಇಷ್ಟರಮಟ್ಟಿಗೆ ಅವನ ಲೇಖನಿ ಧನ್ಯವಾಯಿತು. ಆದರೆ ಅಷ್ಟಕ್ಕೇ ಆತ ನಿಲ್ಲಲಿಲ್ಲ. ಸಿಟ್ಟಿನ ಭರದಲ್ಲಿ ನವಾರ್ ಪ್ರಾಂತದ ಇಡೀ ಜನಾಂಗವನ್ನೇ ದುಷ್ಟರೆಂದೂ ಅನಾಗರಿಕರೆಂದೂ ಪುಟಗಟ್ಟಲೆ ಹಳಿದನು. ಇಬ್ಬರ ಪಾಪವನ್ನು ಸಾವಿರಾರು ಜನರ ತಲೆಗೆ ಕಟ್ಟಿದನು. ಹೊಳೆಯ ವಿಷಯದಲ್ಲಿ ಆತ ಬರೆದುದು ಕಂಡದ್ದು. ಜನಾಂಗದ ವಿಷಯದಲ್ಲಿ ಬರೆದುದು ಕೋಪದಲ್ಲಿ ಕಲ್ಪಿಸಿದ್ದು. ಒಂದೇ ಪುಸ್ತಕದಲ್ಲಿ ಇವೆರಡೂ ಅಕ್ಕಪಕ್ಕದಲ್ಲಿವೆ. ದಾರಿ ಬರೆಯುವವನಿಗೆ ಎದುರಾಗುವ ಮೊದಲನೆಯ ಪರೀಕ್ಷೆ ಇದು.

ಇನ್ನು ನಮ್ಮ ಕಾಲಕ್ಕೆ ಹತ್ತಿರದ ಮಾತು. ಅಮೆರಿಕದ ಪೂರ್ವಭಾಗದಲ್ಲಿ ಅಪಲೇಚಿಯನ್ ಪರ್ವತಶ್ರೇಣಿಯ ಗುಂಟ ಜಾರ್ಜಿಯಾ ರಾಜ್ಯದಿಂದ ಮೇನ್ ರಾಜ್ಯದವರೆಗೆ 14 ರಾಜ್ಯಗಳನ್ನು ಹಾದುಹೋಗುವ ಸುಮಾರು 3,500 ಕಿಲೋಮೀಟರಿನ ಕಾಲುದಾರಿಯೊಂದಿದೆ. 1921ರಲ್ಲಿ ಬೆಂಟನ್ ಮಕಾಯ್ ಎಂಬ ಅರಣ್ಯತಜ್ಞರು ಲೇಖನವೊಂದರಲ್ಲಿ ಇದರ ಕಲ್ಪನೆಯನ್ನು ಮುಂದಿಟ್ಟರು. ಪಟ್ಟಣದ ದುಡಿಮೆಯಲ್ಲಿ ಬಳಲಿದ ಜನರು ಬೆಟ್ಟಗಳ ನಡುವೆ ನಡೆದು ಚೇತರಿಸಿಕೊಳ್ಳಬೇಕೆಂಬುದು ಅವರ ಆಶಯವಾಗಿತ್ತು. ಆ ಕಲ್ಪನೆಯನ್ನು ನೆಲದ ಮೇಲೆ ಇಳಿಸಿದವರಲ್ಲಿ ಅಗ್ರಗಣ್ಯರು ಮೈರನ್ ಎವರಿ ಎಂಬ ನ್ಯಾಯವಾದಿಗಳು. 1931ರಿಂದ 1952ರವರೆಗೆ ಆ ದಾರಿಯ ಸಂಘಟನೆಗೆ ಅವರೇ ಅಧ್ಯಕ್ಷರು. ಸೈಕಲ್ಲಿನ ಒಂದು ಗಾಲಿಗೆ ಹಿಡಿಕೆ ಜೋಡಿಸಿ, ಸುತ್ತುಗಳನ್ನು ಎಣಿಸುವ ಯಂತ್ರವನ್ನು ಅದಕ್ಕೆ ಬಿಗಿದು, ಅದನ್ನು ಬೆಟ್ಟದ ಮೇಲೆ ತಳ್ಳುತ್ತ ಹಾದಿಯನ್ನು ಅಳೆದವರು ಅವರು. ಅಳೆದದ್ದನ್ನು ಕೈಪಿಡಿಗಳಾಗಿ ಬರೆದರು. 1936ರ ಹೊತ್ತಿಗೆ ಭಾಗಭಾಗವಾಗಿ ಇಡೀ ದಾರಿಯನ್ನು ನಡೆದು ಮುಗಿಸಿದ ಮೊದಲಿಗರಾದರು. 1937ರಲ್ಲಿ ದಾರಿಯು ಪೂರ್ಣಗೊಂಡಿತು.

ಅಳತೆಯ ಗಾಲಿಯೇಕೆ, ಅಂದಾಜು ಸಾಲದೇ ಎಂದು ಯಾರಾದರೂ ಕೇಳಬಹುದು. ಬೆನ್ನಿನ ಮೇಲೆ ಹೊರೆ ಹೊತ್ತು ಸಂಜೆ ಮುಂದಿನ ತಂಗುದಾಣವನ್ನು ಹುಡುಕುವವನಿಗೆ ನಾಲ್ಕು ಕಿಲೋಮೀಟರೆಂದು ಹೇಳಿದ್ದು ಏಳಾದರೆ ಕತ್ತಲೆಯೇ ಗತಿ. ಮನೆಯಲ್ಲಿ ಕುಳಿತವನಿಗೆ ಮೂರು ಕಿಲೋಮೀಟರಿನ ವ್ಯತ್ಯಾಸವು ಒಂದು ಅಂಕಿ ಮಾತ್ರ. ದಾರಿಯಲ್ಲಿರುವವನಿಗೆ ಅದು ಒಂದು ರಾತ್ರಿ.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಎಮ್ಮಾ ಗೇಟ್‌ವುಡ್ ಎಂಬ ತಾಯಿಯ ಕಥೆಯೇ ಸಾಕ್ಷಿ. ಒಹಾಯೊ ರಾಜ್ಯದ ಒಕ್ಕಲುತನದ ಮನೆಯ ಹೆಣ್ಣುಮಗಳು, ಹನ್ನೊಂದು ಮಕ್ಕಳನ್ನು ಹೆತ್ತು ಸಾಕಿದವಳು, ಗಂಡನ ಹೊಡೆತಗಳನ್ನು ವರ್ಷಾನುಗಟ್ಟಲೆ ಸಹಿಸಿ ಕೊನೆಗೆ ಬೇರೆಯಾದವಳು. ಪತ್ರಿಕೆಯೊಂದರಲ್ಲಿ ಈ ದಾರಿಯ ವರ್ಣನೆಯನ್ನು ಓದಿ ಆಕೆ ಮನಸೋತಳು. ಹಾದಿ ಸ್ವಚ್ಛವಾಗಿದೆ, ಗುರುತುಗಳು ಸ್ಪಷ್ಟವಾಗಿವೆ, ದಿನದ ನಡಿಗೆ ಮುಗಿಯುವಲ್ಲಿ ತಂಗುದಾಣವಿದೆ ಎಂದು ತಾನು ಓದಿದುದಾಗಿ ಆಕೆ ಮುಂದೆ ಹೇಳಿಕೊಂಡಳು. 1954ರಲ್ಲಿ ಉತ್ತರದ ತುದಿಯಿಂದ ಹೊರಟು, ದಾರಿ ತಪ್ಪಿ ಹಿಂದಿರುಗಬೇಕಾಯಿತು. ಮರುವರ್ಷ, ತನ್ನ 67ನೆಯ ವಯಸ್ಸಿನಲ್ಲಿ, ಕ್ಯಾನ್ವಾಸ್ ಬೂಟು ತೊಟ್ಟು, ತಾನೇ ಹೊಲಿದ ಚೀಲವನ್ನು ಹೆಗಲಿಗೇರಿಸಿ, ದಕ್ಷಿಣದ ತುದಿಯಿಂದ ಹೊರಟು ಸುಮಾರು ಐದು ತಿಂಗಳಲ್ಲಿ ಒಬ್ಬಳೇ ಇಡೀ ದಾರಿಯನ್ನು ಮುಗಿಸಿದಳು.

ಮುಗಿಸಿದ ಮೇಲೆ ಪತ್ರಿಕೆಯವರು ಮುತ್ತಿಕೊಂಡಾಗ ಆಕೆ ಆಡಿದ ಮಾತು ನಿಷ್ಠುರವಾಗಿತ್ತು. ಓದಿದ್ದಕ್ಕೂ ಕಂಡದ್ದಕ್ಕೂ ಸಂಬಂಧವೇ ಇರಲಿಲ್ಲ. ಬಿದ್ದ ಮರಗಳು, ಬೆಂಕಿಗೆ ಸುಟ್ಟು ಗುರುತು ಅಳಿದ ಕಾಡು, ಕುತ್ತಿಗೆಯವರೆಗೆ ಬೆಳೆದ ಕಳೆ, ಮುರಿದ ಇಲ್ಲವೆ ಹೊಲಸು ತುಂಬಿದ ತಂಗುದಾಣಗಳು ತನಗೆ ಎದುರಾದವೆಂದು ಹೇಳಿದಳು. ಇಷ್ಟಾಗಿಯೂ 1957ರಲ್ಲಿ ಮತ್ತೊಮ್ಮೆ ನಡೆದಳು. 1964ರ ಹೊತ್ತಿಗೆ ಮೂರನೆಯ ಸಲವನ್ನೂ ಭಾಗಭಾಗವಾಗಿ ಮುಗಿಸಿದಳು. ಆಕೆಯ ಮಾತಿನಿಂದಲೇ ದಾರಿಯ ಪಾಲನೆಗೆ ಚುರುಕು ಬಂದಿತೆಂದು ಹೇಳುವವರಿದ್ದಾರೆ. ಓದಿದವರ ಕಾಲಿಗೆ ಆಗುವ ನೋವನ್ನು ನೆನೆಯದೆ ಬರೆದ ಅಂದವಾದ ವಾಕ್ಯವು ಎಷ್ಟು ನಿರ್ದಯವಾದದ್ದೆಂಬುದನ್ನು ನಾನು ಈ ತಾಯಿಯ ವೃತ್ತಾಂತದಿಂದ ಅರಿತೆ.

ಹೀಗೆ ಅಂದಕ್ಕಾಗಿ ಬರೆಯದೆ ಕಂಡದ್ದಕ್ಕಾಗಿಯೇ ಬರೆದವರೊಬ್ಬರು ಇಂಗ್ಲೆಂಡಿನಲ್ಲಿದ್ದರು. ಅವರ ಹೆಸರು ಆಲ್ಫ್ರೆಡ್ ವೇನ್‌ರೈಟ್. 1907ರಲ್ಲಿ ಬ್ಲ್ಯಾಕ್‌ಬರ್ನ್ ಎಂಬ ಗಿರಣಿಗಳ ಊರಿನಲ್ಲಿ ಬಡವರ ಮನೆಯಲ್ಲಿ ಹುಟ್ಟಿ, 13ನೆಯ ವಯಸ್ಸಿಗೆ ಶಾಲೆ ಬಿಟ್ಟು ಪುರಸಭೆಯ ಕಚೇರಿಯ ಕೆಲಸಕ್ಕೆ ಸೇರಿದವರು. 1930ರಲ್ಲಿ ಮೊದಲ ಸಲ ಸರೋವರಪ್ರಾಂತವೆಂದು ಹೆಸರಾದ ಬೆಟ್ಟಸೀಮೆಯನ್ನು ಕಂಡು ಮಾರುಹೋದರು. 1941ರಲ್ಲಿ ಅದರ ಅಂಚಿನ ಕೆಂಡಲ್ ಎಂಬ ಊರಿಗೆ ನೌಕರಿ ಬದಲಿಸಿಕೊಂಡು ಬಂದು ಮುಂದೆ ಅಲ್ಲಿಯ ಪುರಸಭೆಯ ಖಜಾಂಚಿಯಾದರು. 1952ರ ನವೆಂಬರ್ 9ರ ರಾತ್ರಿ ಅವರು ಒಂದು ಸಂಕಲ್ಪ ಮಾಡಿ ಮೊದಲ ಪುಟವನ್ನು ಬರೆಯತೊಡಗಿದರು. ಆ ಸೀಮೆಯ 214 ಬೆಟ್ಟಗಳನ್ನು ಏರಿ, ಪ್ರತಿಯೊಂದರ ದಾರಿಗಳನ್ನೂ ನೋಟಗಳನ್ನೂ ಏಳು ಸಂಪುಟಗಳಲ್ಲಿ ದಾಖಲಿಸುವುದೇ ಆ ಸಂಕಲ್ಪ. ಮೊದಲ ಸಂಪುಟ 1955ರಲ್ಲಿ, ಏಳನೆಯದು 1966ರಲ್ಲಿ ಹೊರಬಂದಿತು.

ಅವರ ಕೆಲಸದ ಬಗೆಯನ್ನು ನಮ್ಮ ಹಳೆಯ ಲಿಪಿಕಾರರ ನಿಷ್ಠೆಗೆ ಹೋಲಿಸಬಹುದು. ಅಚ್ಚುಮೊಳೆಗಳನ್ನು ಅವರು ಬಳಸಲಿಲ್ಲ. ಅಕ್ಷರ, ನಕ್ಷೆ, ಬೆಟ್ಟದ ಚಿತ್ರ ಎಲ್ಲವನ್ನೂ ಶಾಯಿಯಲ್ಲಿ ಸ್ವಹಸ್ತದಿಂದ ಬರೆದರು. ಬರೆದ ಪುಟವೇ ಹಾಗೆಯೇ ಅಚ್ಚಾಯಿತು. ನೂರರಷ್ಟು ಪುಟಗಳನ್ನು ಬರೆದ ಮೇಲೆ ಸಾಲುಗಳ ಬಲತುದಿ ಸಮನಾಗಿಲ್ಲವೆಂದು ತೋರಲು, ಅವೆಲ್ಲವನ್ನೂ ಬದಿಗಿಟ್ಟು ಮೊದಲಿನಿಂದ ಬರೆದರು. ಅವರಿಗೆ ವಾಹನ ನಡೆಸಲು ಬರುತ್ತಿರಲಿಲ್ಲ. ರಜೆಯ ದಿನ ಬಸ್ಸು ಹಿಡಿದು ಹೋಗಿ, ಬೆಟ್ಟ ಸುತ್ತಿ, ರಾತ್ರಿ ಮನೆಗೆ ಬಂದು, ವಾರವಿಡೀ ಸಂಜೆಗಳಲ್ಲಿ ಬರೆಯುತ್ತಿದ್ದರು. ಪುಸ್ತಕಗಳಿಂದ ಬಂದ ಹಣದ ಬಹುಭಾಗವು ಅನಾಥ ಪ್ರಾಣಿಗಳ ಆಶ್ರಯಕ್ಕೆ ಸಂದಿತು. 1991ರಲ್ಲಿ ಅವರು ತೀರಿಕೊಂಡಾಗ, ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಹೇಸ್ಟ್ಯಾಕ್ಸ್ ಎಂಬ ಬೆಟ್ಟದ ಮೇಲಿನ ಪುಟ್ಟ ಕೊಳದ ಬಳಿ ಚೆಲ್ಲಲಾಯಿತು.

ಗುಣವನ್ನು ಹೇಳಿದ ಮೇಲೆ ಕುಂದನ್ನು ಮುಚ್ಚಿಡಬಾರದು. ಆ ಹದಿಮೂರು ವರ್ಷಗಳಲ್ಲಿ ಬೆಟ್ಟಕ್ಕೆ ಸಂದ ಗಮನವು ಮನೆಗೆ ಸಲ್ಲಲಿಲ್ಲ. ಮೊದಲಿನಿಂದಲೂ ಹೊಂದಿಬಾರದಿದ್ದ ದಾಂಪತ್ಯವು 1967ರ ಸುಮಾರಿಗೆ ಮುರಿದು ಮೊದಲ ಪತ್ನಿಯು ಮನೆ ಬಿಟ್ಟುಹೋದರು. 214 ಬೆಟ್ಟಗಳ ದಾರಿಯನ್ನು ಬಲ್ಲವರಿಗೆ ತಮ್ಮ ಮನೆಯೊಳಗಿನ ದಾರಿ ತಿಳಿಯದೆ ಹೋಯಿತು. ಗೃಹಸ್ಥಧರ್ಮವನ್ನು ಬಿಡದೆ ಸಾಧನೆ ಮಾಡಬೇಕೆಂದ ಶರಣರ ಸಂತತಿಯವರಾದ ನಾವು, ವಿಶೇಷವಾಗಿ ಬರವಣಿಗೆಯ ನೆಪದಲ್ಲಿ ಮನೆಯ ಕಷ್ಟಸುಖಗಳಿಗೆ ಕಿವುಡಾಗುವ ನನ್ನಂಥವರು, ಇದನ್ನು ಮರೆಯಲಾಗದು.

ವೇನ್‌ರೈಟ್ ಅವರ ಮತ್ತೆರಡು ಪುಸ್ತಕಗಳು ದೂರದ ನಡಿಗೆಗೆ ಸಂಬಂಧಿಸಿದವು. 1965ರಲ್ಲಿ ಇಂಗ್ಲೆಂಡಿನ ಬೆನ್ನೆಲುಬಿನಂತಿರುವ ಪೆನೈನ್ ಬೆಟ್ಟಗಳ ಮೇಲೆ ಸುಮಾರು 430 ಕಿಲೋಮೀಟರಿನ ಕಾಲುದಾರಿಯು ಅಧಿಕೃತವಾಗಿ ತೆರೆಯಿತು. 1968ರಲ್ಲಿ ಅದಕ್ಕೆ ಅವರು ಬರೆದ ಕೈಪಿಡಿಯನ್ನು ಹಿಂದಿನ ಪುಟದಿಂದ ಮುಂದಕ್ಕೆ, ಪ್ರತಿಪುಟವನ್ನೂ ಕೆಳಗಿನಿಂದ ಮೇಲಕ್ಕೆ ಓದಬೇಕು. ನಡೆಯುವವನು ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತಾನಲ್ಲವೆ? ಪುಸ್ತಕವನ್ನು ಕೈಯಲ್ಲಿ ಹಿಡಿದರೆ ನಕ್ಷೆಯ ಹಾದಿಯೂ ಅವನ ಮುಂದಿನ ಹಾದಿಯೂ ಒಂದೇ ದಿಕ್ಕಿಗೆ ಸಾಗಬೇಕೆಂಬುದು ಉದ್ದೇಶ. ಓದುವವನ ಅನುಕೂಲಕ್ಕಿಂತ ನಡೆಯುವವನ ಅನುಕೂಲವನ್ನೇ ದೊಡ್ಡದೆಂದು ಬಗೆದ ಪುಸ್ತಕವದು.

1973ರಲ್ಲಿ ಪಶ್ಚಿಮದ ಕಡಲಿನಿಂದ ಪೂರ್ವದ ಕಡಲಿಗೆ ಸುಮಾರು 300 ಕಿಲೋಮೀಟರಿನ ದಾರಿಯೊಂದನ್ನು ತಾವೇ ಕಲ್ಪಿಸಿ, ನಡೆದು, ಬರೆದರು. ಅದಕ್ಕೆ ಅವರು ಇಟ್ಟ ಹೆಸರಿನ ಅರ್ಥ 'ಕಡಲಿನಿಂದ ಕಡಲಿಗೆ ಒಂದು ನಡಿಗೆ' ಎಂದಾಗುತ್ತದೆ. ಇದೊಂದೇ ದಾರಿಯಲ್ಲ, ನೀವು ನಿಮ್ಮದನ್ನು ಹುಡುಕಿಕೊಳ್ಳಿರಿ ಎಂದು ಓದುಗರನ್ನು ಅವರು ಹುರಿದುಂಬಿಸಿದರು. ಆದರೂ ಜನರು ಅವರ ಹೆಜ್ಜೆಯಲ್ಲಿಯೇ ನಡೆದರು. 2022ರಲ್ಲಿ ಅಲ್ಲಿಯ ಸರಕಾರವು ಅದನ್ನು ರಾಷ್ಟ್ರೀಯ ಕಾಲುದಾರಿಯಾಗಿಸುವುದೆಂದು ಪ್ರಕಟಿಸಿತು. ಏಳು ಸಂಪುಟಗಳ ಬೆಟ್ಟದ ಹಾದಿಗಳೂ ಕಾಲಾಂತರದಲ್ಲಿ ಬದಲಾದವು. ಅವರ ಮರಣಾನಂತರ, 2005ರಿಂದ, ಬೇರೆಯವರು ಆ ದಾರಿಗಳನ್ನು ಮತ್ತೆ ನಡೆದು ತಿದ್ದುಪಡಿಯ ಆವೃತ್ತಿಗಳನ್ನು ತಂದರು. ಕಾವ್ಯಕ್ಕೆ ಇಂಥ ತಿದ್ದುಪಡಿ ಬೇಡ. ದಾರಿಯ ಪುಸ್ತಕಕ್ಕೆ ಅದಿಲ್ಲದೆ ಆಯುಸ್ಸಿಲ್ಲ. ಇಂದು ನಡೆಯುವವರು ಕೈಫೋನಿನ ಮೂಲಕ, ಈ ಊಟೆ ಇಂದು ಹರಿಯುತ್ತಿದೆ, ಆ ತೊರೆ ಬತ್ತಿದೆ ಎಂದು ಹಿಂದಿನವರಿಗೆ ಅಂದಂದೇ ತಿಳಿಸುವುದುಂಟು. ಸಾಧನ ಹೊಸದು, ಅಗತ್ಯ ಹಳೆಯದೇ.

ಮತ್ತೆ ಸಾಂತಿಯಾಗೊ ದಾರಿಗೆ ಬರೋಣ. 12ನೆಯ ಶತಮಾನದಲ್ಲಿ ಜನಜಂಗುಳಿಯಿದ್ದ ಆ ದಾರಿಯು ಶತಮಾನಗಳು ಉರುಳಿದಂತೆ ಬಹುಮಟ್ಟಿಗೆ ಮರೆತುಹೋಗಿತ್ತು. ಅದನ್ನು ಮರಳಿ ಎಬ್ಬಿಸಿದವರಲ್ಲಿ ಎಲಿಯಾಸ್ ವಲಿನ್ಯಾ ಎಂಬ ಪಾದ್ರಿಯ ಹೆಸರು ಮೊದಲು ಬರುತ್ತದೆ. ಓ ಸೆಬ್ರೇರೊ ಎಂಬ ಬೆಟ್ಟದ ಮೇಲಿನ ಪುಟ್ಟ ಹಳ್ಳಿಯ ಚರ್ಚಿನಲ್ಲಿ ಸೇವೆ ಸಲ್ಲಿಸುತ್ತಲೇ ಅವರು ಆ ದಾರಿಯ ಇತಿಹಾಸವನ್ನು ಕುರಿತು ಪಿಎಚ್.ಡಿ. ಪ್ರಬಂಧ ಬರೆದರು, 1982ರಲ್ಲಿ ಯಾತ್ರಿಕರ ಕೈಪಿಡಿಯನ್ನು ಪ್ರಕಟಿಸಿದರು. ಆದರೆ ಕವಲುದಾರಿಯಲ್ಲಿ ನಿಂತವನಿಗೆ ಪುಸ್ತಕವೊಂದೇ ಸಾಲದೆಂದು ಅವರಿಗೆ ಮನವರಿಕೆಯಾಗಿರಬೇಕು. 1984ರಲ್ಲಿ ಹಳದಿ ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ಹಿಡಿದು ಹೊರಟು, ದಾರಿಯುದ್ದಕ್ಕೂ ಕಲ್ಲು, ಮರ, ಗೋಡೆಗಳ ಮೇಲೆ ಬಾಣದ ಗುರುತುಗಳನ್ನು ಬರೆದರು. ರಸ್ತೆಯ ಕೆಲಸದಲ್ಲಿ ಉಳಿದ ಬಣ್ಣವದು ಎಂದು ಹೇಳುತ್ತಾರೆ. 1989ರಲ್ಲಿ ಅವರು ಕಾಲವಾದರು. 1980ರ ದಶಕದ ಆರಂಭದಲ್ಲಿ ವರ್ಷಕ್ಕೆ ಕೆಲವು ನೂರು ಯಾತ್ರಿಕರನ್ನು ಕಾಣುತ್ತಿದ್ದ ಕ್ಷೇತ್ರಕ್ಕೆ 2023ರಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕಿ ಯಾತ್ರಿಕರು ಬಂದರು. ಅವರಲ್ಲಿ ಬಹುಮಂದಿಗೆ ಆ ಪಾದ್ರಿಯ ಹೆಸರು ತಿಳಿದಿರಲಾರದು. ಹಳದಿ ಬಾಣವನ್ನು ಮಾತ್ರ ಎಲ್ಲರೂ ಬಲ್ಲರು.

ಇನ್ನು ನನ್ನ ತಪ್ಪಿನ ಮಾತು. ಮಠದಲ್ಲಿ ವಿದ್ಯಾರ್ಥಿಯಾಗಿದ್ದಾಗ, 1980ರ ದಶಕದ ಆರಂಭದಲ್ಲಿ, ಗುರುಗಳ ಹಿಂದೆ ನಾನು ಒಮ್ಮೆ ಶ್ರೀಶೈಲಕ್ಕೆ ನಡೆದಿದ್ದೆ. ಆತ್ಮಕೂರು ದಾಟಿ, ವೆಂಕಟಾಪುರದಿಂದ ನಲ್ಲಮಲೆಯ ಅಡವಿಯನ್ನು ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳಗಳ ಮೂಲಕ ಕೈಲಾಸದ್ವಾರವನ್ನು ಏರಿದ ನೆನಪು ಬಹುಕಾಲ ಹಸಿರಾಗಿತ್ತು. ಮೂವತ್ತು ವರ್ಷಗಳ ತರುವಾಯ ಪಾದಯಾತ್ರಿಗಳಿಗೆ ಹಂಚಲು ಎರಡು ಹಾಳೆಯ ದಾರಿಪತ್ರವನ್ನು ಬರೆದುಕೊಡೆಂದಾಗ, ಆ ನೆನಪನ್ನೇ ನಂಬಿ ಒಂದೇ ಕೂರಿಕೆಯಲ್ಲಿ ಬರೆದುಕೊಟ್ಟೆ. ಅಡವಿಯ ಏರೊಂದರ ಪಕ್ಕದಲ್ಲಿ ಊಟೆಯ ನೀರಿದೆಯೆಂದು, ಅಕ್ಕಮಹಾದೇವಿಯವರು ನಡೆದ ನೆಲವದೆಂಬ ಭಾವಾವೇಶದಲ್ಲಿ, ಸೊಗಸಾದ ಎರಡು ವಾಕ್ಯಗಳನ್ನು ಸೇರಿಸಿದೆ.

ಆ ವರ್ಷ ಊಟೆ ಬತ್ತಿತ್ತು. ನಮ್ಮೂರ ವೃದ್ಧೆಯೊಬ್ಬರು ಮಧ್ಯಾಹ್ನದ ಬಿಸಿಲಿನಲ್ಲಿ ಆ ಏರಿನ ಮೇಲೆ ಕುಸಿದುಬಿದ್ದರು. ಹಿಂದಿನಿಂದ ಬಂದ ಬೇರೆ ಊರಿನ ಯಾತ್ರಿಕರು ತಮ್ಮ ಪಾಲಿನ ನೀರು ಕುಡಿಸಿದ್ದರಿಂದ ಜೀವ ಉಳಿಯಿತು. ಮರಳಿ ಬಂದ ಮೇಲೆ ಆ ತಾಯಿ ನನ್ನ ಮನೆಗೇ ಬಂದು ಮಲ್ಲಯ್ಯನ ಭಂಡಾರ, ಪ್ರಸಾದಗಳನ್ನು ಕೊಟ್ಟರು. ಬೈಯಲಿಲ್ಲ. ಹೊರಡುವಾಗ ಇಷ್ಟೇ ಅಂದರು: "ಶಾಸ್ತ್ರಿಗಳ, ಮುಂದ ನೀರ ಐತಿ ಅಂತ ನೀವು ಬರ್ದಿದ್ರಿ. ಅದಕ್ಕ ನಾವು ಬಾಟ್ಲಿ ತುಂಬಿಕೊಳ್ಳಲಾರದ ಹೊಂಟ್ವಿರಿ."

ನಡೆ ಮತ್ತು ನುಡಿ ಒಂದಾಗಬೇಕೆಂಬ ಶರಣರ ತತ್ತ್ವವನ್ನು ನಾನು ವೇದಿಕೆಗಳ ಮೇಲೆ ನೂರಾರು ಸಲ ವಿವರಿಸಿದ್ದೇನೆ. ನಡೆಯೆಂದರೆ ಆಚಾರವೆಂದು ಅರ್ಥ ಹೇಳುತ್ತ ಬಂದವನು. ನಡೆಯೆಂದರೆ ಅಕ್ಷರಶಃ ಕಾಲಿನ ನಡಿಗೆಯೂ ಹೌದು, ನಡೆಯದೆ ಆಡಿದ ನುಡಿಯಿಂದ ಒಬ್ಬರ ಪ್ರಾಣಕ್ಕೆ ಎರವಾಗಬಹುದು ಎಂಬುದನ್ನು ಅಕ್ಷರ ಹೆಚ್ಚು ಬಾರದ ಆ ತಾಯಿ ನನಗೆ ಕಲಿಸಿದರು. ನಾನು ಸುಳ್ಳು ಬರೆದಿರಲಿಲ್ಲ. ಮೂವತ್ತು ವರ್ಷ ಹಳೆಯದಾದ ನಿಜವನ್ನು ಬರೆದಿದ್ದೆ. ಬಾಯಾರಿದವರಿಗೆ ಇವೆರಡರ ನಡುವೆ ಭೇದವಿಲ್ಲ.

ಆದ್ದರಿಂದ ಬಂದ ತರುಣರಿಗೆ ನಾನು ಹೀಗೆಂದೆ. ಪುಸ್ತಕ ಬೇಕು, ಆದರೆ ಅದನ್ನು ನಾನು ಮನೆಯಲ್ಲಿ ಕುಳಿತು ಬರೆಯಲಾರೆ. ಈ ವರ್ಷ ನೀವು ನಡೆಯುವಾಗ ಒಂದು ವಹಿಯನ್ನು ಜೊತೆಗೊಯ್ಯಿರಿ. ನೀರು ಕಂಡಲ್ಲೆಲ್ಲ ಸ್ಥಳದೊಡನೆ ದಿನಾಂಕವನ್ನೂ ಬರೆಯಿರಿ. ಕಣ್ಣಾರೆ ಕಂಡದ್ದನ್ನೂ ಪರರಿಂದ ಕೇಳಿದ್ದನ್ನೂ ಬೇರೆಬೇರೆಯಾಗಿ ಇಡಿರಿ. ಎಲ್ಲಿಯಾದರೂ ಒಬ್ಬ ಅಂಗಡಿಕಾರನು ಮೋಸ ಮಾಡಿದರೆ ಆ ಊರನ್ನೇ ಕೆಟ್ಟದ್ದೆಂದು ಬರೆಯಬೇಡಿರಿ. ಪುಸ್ತಕದ ಮುಖಪುಟದ ಮೇಲೆ ವರ್ಷವನ್ನು ದಪ್ಪಕ್ಷರಗಳಲ್ಲಿ ಅಚ್ಚು ಮಾಡಿಸಿ, ಕೊನೆಯಲ್ಲಿ ನಾಲ್ಕು ಹಾಳೆ ಖಾಲಿ ಬಿಡಿರಿ. ಮುಂದಿನ ವರ್ಷ ನಡೆದವರು ಅಲ್ಲಿ ತಿದ್ದಲಿ. ಬರೆದವರ ಹೆಸರು ಬೇಡ.

ಭಾಷೆಯನ್ನು ತಿದ್ದಿಕೊಡುವ ಕೆಲಸ ನನ್ನದು. ನನ್ನ ಮೊಣಕಾಲುಗಳಿಗೆ ಈಗ ನಲ್ಲಮಲೆಯ ಏರು ಸಾಧ್ಯವಿಲ್ಲ. ಊರಿನಿಂದ ಮೊದಲ ಎರಡು ಮಜಲುಗಳವರೆಗೆ ಅವರೊಡನೆ ನಡೆಯುವುದೆಂದು ನಿಶ್ಚಯಿಸಿದ್ದೇನೆ. ಆ ಎರಡು ಮಜಲುಗಳ ಪುಟಗಳನ್ನು ಮಾತ್ರ ನಾನು ಬರೆಯುತ್ತೇನೆ. ನಮ್ಮೂರ ಅಗಸಿಯಿಂದ ಮೊದಲ ನೀರಿನ ಬಾವಿ ಎಷ್ಟು ದೂರವೆಂದು ನೀವು ಈಗ ಕೇಳಿದರೆ ನಾನು ಉತ್ತರ ಹೇಳಲಾರೆ. ನಡೆದುಬಂದ ಮೇಲೆ ಹೇಳುತ್ತೇನೆ.